ಮದ್ದಿಗಿಂತ ಮೊದಲು ನೋಟ



ಪಾಸ್ಖ ಕಾಲದ ನಾಲ್ಕನೆಯ ಭಾನುವಾರವನ್ನು ನಾವು ಉತ್ತಮ ಕುರಿಗಾಹಿಯ ಭಾನುವಾರವೆಂದು ಆಚರಿಸುತ್ತೇವೆ. ಅಂದು ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಿಂದ ವಾಚನವಾಗುತ್ತದೆ. ಗುರುಗಳು ಪ್ರಬೋಧನೆ ನೀಡುತ್ತಾರೆ. ದೈವಕರೆಗಾಗಿ ಪ್ರಾರ್ಥನೆ ಸಲ್ಲುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಹುಶಃ ಮನೆಯ ಕ್ಯಾಲೆಂಡರಿನಲ್ಲಿ ಕಾಣುವ ಚಿತ್ರವೇ ಇರಬೇಕು: ಬಿಳಿ ನಿಲುವಂಗಿ, ಕೈಯಲ್ಲಿ ಕೋಲು, ಹೆಗಲ ಮೇಲೊಂದು ಮುದ್ದಾದ ಮರಿ.

ಸೋಮವಾರ ಬೆಳಿಗ್ಗೆ ಹಟ್ಟಿಯ ತಡಿಕೆ ಸರಿಸುವ ಕುರಿಗಾಹಿಯ ಚಿತ್ರ ಬೇರೆ. ಮಳೆ ಹಿಡಿದಿದೆ. ನಾಲ್ಕು ಮರಿಗಳು ಮಂಕಾಗಿ ನಿಂತಿವೆ. ಒಂದು ತಾಯಿಕುರಿಯ ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ ಕಾಣಿಸಿಕೊಂಡಿದೆ. ಗೋಡೆಯ ಗೂಡಿನಲ್ಲಿ ಜಂತುಹುಳುವಿನ ಮದ್ದಿನ ಬಾಟಲಿ ಇದೆ. ಆತ ಈಗ ಏನು ಮಾಡಬೇಕು? ಎಲ್ಲ ಕುರಿಗಳನ್ನೂ ಸಾಲಾಗಿ ಹಿಡಿದು ಬಾಯಿಗೆ ಮದ್ದು ಹೊಯ್ಯಬೇಕೇ? ಕಾಯಿಲೆ ಬಿದ್ದವಕ್ಕೆ ಮಾತ್ರ ಕೊಡಬೇಕೇ? ಅಥವಾ, ಗಟ್ಟಿಯಾದವು ಉಳಿಯಲಿ, ಉಳಿದವು ಹೋಗಲಿ ಎಂದು ಸುಮ್ಮನಿರಬೇಕೇ?

ಇದು ಪಶುವೈದ್ಯರಿಗೆ ಬಿಟ್ಟ ವಿಷಯ, ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಈ ಪ್ರಶ್ನೆಯೊಳಗೆ ಒಂದು ದೊಡ್ಡ ನೈತಿಕ ಪ್ರಶ್ನೆ ಅಡಗಿದೆ. ನಮ್ಮ ಪಾಲನೆಗೆ ಒಪ್ಪಿಸಲಾದ ಜೀವವನ್ನು ಕಾಪಾಡುವುದೆಂದರೆ ಏನು? ಎಲ್ಲ ಕಷ್ಟಗಳಿಂದ ಅದನ್ನು ದೂರವಿಡುವುದೇ, ಇಲ್ಲವೇ ಕಷ್ಟವನ್ನು ತಾಳುವ ಶಕ್ತಿಯನ್ನು ಅದರಲ್ಲಿ ಬೆಳೆಸುವುದೇ? ನಮ್ಮ ಧರ್ಮಕೇಂದ್ರಗಳಲ್ಲಿ ಹತ್ತಿಪ್ಪತ್ತು ಕುರಿ ಸಾಕಿ ಮಕ್ಕಳ ಫೀಸು ಕಟ್ಟುವ ಕುಟುಂಬಗಳಿವೆ. ಅವರಿಗೆ ಇದು ನಿತ್ಯದ ಪ್ರಶ್ನೆ. ಕುರಿ ಸಾಕದವರಿಗೂ ಇದು ಅಷ್ಟೇನೂ ದೂರದ್ದಲ್ಲವೆಂಬುದು ಮುಂದೆ ಓದಿದಾಗ ನಿಮಗೇ ತಿಳಿದೀತು.

ಹುಳುವಿನ ಕಥೆ

ಮೊದಲು ಶತ್ರುವನ್ನು ತಿಳಿಯೋಣ. ಬೆಚ್ಚಗಿನ, ಮಳೆ ಬೀಳುವ ನಾಡುಗಳಲ್ಲಿ ಕುರಿಗಳನ್ನು ಹೆಚ್ಚಾಗಿ ಕೊಲ್ಲುವ ಜಂತುಹುಳುಗಳಲ್ಲಿ ಒಂದು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ವಾಸಿಸುತ್ತದೆ. ವಿಜ್ಞಾನಿಗಳು ಅದಕ್ಕೆ ಹಿಮಾಂಕಸ್ ಎಂದು ಹೆಸರಿಟ್ಟಿದ್ದಾರೆ. ಎರಡು ಮೂರು ಸೆಂಟಿಮೀಟರಿನಷ್ಟಿರುವ ಈ ದಾರದಂಥ ಹುಳು ಹೊಟ್ಟೆಯ ಒಳಪದರಕ್ಕೆ ಅಂಟಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್ ಮಾತ್ರ. ಆದರೆ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ರಕ್ತ ಹೋಗುತ್ತದೆ. 30 ಕಿಲೋ ತೂಕದ ಕುರಿಯ ಮೈಯಲ್ಲಿರುವ ರಕ್ತವೇ ಸುಮಾರು ಎರಡು ಲೀಟರ್. ಲೆಕ್ಕ ನೀವೇ ಹಾಕಿ.

ಒಂದು ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡಬಲ್ಲದು. ಆ ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ಬೆಚ್ಚಗಿನ ತೇವವಿದ್ದರೆ ಸುಮಾರು ಒಂದು ವಾರದಲ್ಲಿ ಮರಿಹುಳುಗಳು ಸಿದ್ಧವಾಗಿ, ಇಬ್ಬನಿಯ ತೇವದಲ್ಲಿ ಹುಲ್ಲಿನ ಬುಡದಿಂದ ಮೇಲಕ್ಕೇರುತ್ತವೆ. ಕುರಿ ಆ ಹುಲ್ಲನ್ನು ಮೇಯುತ್ತದೆ. ಮತ್ತೆ ಮೂರು ವಾರಗಳಲ್ಲಿ ಹೊಸ ಹುಳುಗಳು ಮೊಟ್ಟೆ ಇಡತೊಡಗುತ್ತವೆ. ಹಿಂಡು ಅದೇ ನೆಲದಲ್ಲಿ ಮೇಯುತ್ತಲೇ ಇದ್ದರೆ ಈ ಚಕ್ರ ನಿಲ್ಲುವುದೇ ಇಲ್ಲ.

ಬಾಟಲಿ ಸೋತ ಬಗೆ

ಈ ಹುಳುವಿಗೆ ಮನುಷ್ಯ ಒಳ್ಳೆಯ ಮದ್ದನ್ನು ಕಂಡುಹಿಡಿದ. 1961ರಲ್ಲಿ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದಾಗ ಕುರಿ ಸಾಕುವವರು ಇನ್ನು ಜಂತುಹುಳುವಿನ ಕಾಟ ಮುಗಿಯಿತೆಂದುಕೊಂಡರು. ಆದರೆ 1964ರಲ್ಲೇ, ಆ ಮದ್ದಿಗೆ ಜಗ್ಗದ ಹುಳುಗಳಿವೆಯೆಂದು ಅಮೆರಿಕದಿಂದ ವರದಿ ಬಂತು. 1981ರಲ್ಲಿ ಐವರ್‌ಮೆಕ್ಟಿನ್ ಬಂತು. ಮನುಷ್ಯರಿಗೂ ಕುರುಡುತನ ತರುವ ರೋಗದಿಂದ ಬಿಡುಗಡೆ ನೀಡಿದ ಮಹಾ ಔಷಧಿ ಅದು. ಅದರ ಶೋಧಕ್ಕಾಗಿ 2015ರಲ್ಲಿ ಇಬ್ಬರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಆದರೆ ಕುರಿಯ ಹುಳು ಹತ್ತು ವರ್ಷವಾಗುವುದರೊಳಗೆ ದಕ್ಷಿಣ ಆಫ್ರಿಕದಲ್ಲಿ ಅದನ್ನೂ ಎದುರಿಸಿ ನಿಂತಿತು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಮೊನೆಪಾಂಟೆಲ್ ಎಂಬ ಹೊಸ ಬಗೆಯ ಮದ್ದು ಬಿಡುಗಡೆಯಾಯಿತು. 2013ರ ಹೊತ್ತಿಗೆ ಅಲ್ಲಿಯ ಒಂದು ಫಾರ್ಮಿನಲ್ಲಿ ಅದೂ ನಾಟದ ಹುಳುಗಳು ಕಂಡುಬಂದವು.

ಹೀಗೇಕೆ ಆಗುತ್ತದೆ? ಹಿಂಡಿನ ಎಲ್ಲ ಕುರಿಗಳಿಗೂ ಒಂದೇ ದಿನ ಮದ್ದು ಕುಡಿಸಿದಿರಿ ಎನ್ನಿ. ಮದ್ದಿಗೆ ಸಾಯುವ ಹುಳುಗಳೆಲ್ಲ ಸತ್ತವು. ಮದ್ದನ್ನು ತಾಳಿಕೊಳ್ಳುವ ಗುಣ ಹುಟ್ಟಿನಿಂದಲೇ ಇದ್ದ ನಾಲ್ಕಾರು ಹುಳುಗಳು ಉಳಿದವು. ಮುಂದಿನ ಮೂರು ವಾರ ಹೊಲಕ್ಕೆ ಬೀಳುವ ಮೊಟ್ಟೆಗಳೆಲ್ಲ ಅವುಗಳವೇ. ಮೂರು ತಿಂಗಳ ನಂತರ ಮತ್ತೆ ಎಲ್ಲಕ್ಕೂ ಅದೇ ಮದ್ದು, ಮತ್ತೆ ಅದೇ ಆಯ್ಕೆ. ಕೆಲವು ವರ್ಷಗಳಲ್ಲಿ ನಾವು ಗಟ್ಟಿ ಕುರಿಗಳನ್ನಲ್ಲ, ಗಟ್ಟಿ ಹುಳುಗಳನ್ನು ಸಾಕಿರುತ್ತೇವೆ. ಕುರಿಯ ತೂಕವನ್ನು ಕಣ್ಣಂದಾಜಿನಲ್ಲಿ ಕಡಿಮೆ ಹಿಡಿದು, ದುಡ್ಡು ಉಳಿಸಲು ಅರೆಪ್ರಮಾಣ ಕುಡಿಸಿದರಂತೂ ಈ ಕೆಲಸ ಇನ್ನೂ ಬೇಗ ಆಗುತ್ತದೆ.

ಇನ್ನೊಂದು ನಷ್ಟವೂ ಇದೆ. ಎಲ್ಲ ಕುರಿಗಳಿಗೂ ಮದ್ದು ಹಾಕಿದಾಗ ಎಲ್ಲವೂ ಒಂದೇ ರೀತಿ ಚೆನ್ನಾಗಿ ಕಾಣುತ್ತವೆ. ಯಾವುದು ತನ್ನ ಬಲದಿಂದ ನಿಂತಿದೆ, ಯಾವುದು ಬಾಟಲಿಯ ಬಲದಿಂದ ನಿಂತಿದೆ ಎಂಬುದು ಒಡೆಯನಿಗೇ ಗೊತ್ತಾಗುವುದಿಲ್ಲ. ದುರ್ಬಲ ಟಗರನ್ನೇ ಅವನು ಬೀಜಕ್ಕೆ ಉಳಿಸಿಕೊಳ್ಳುತ್ತಾನೆ. ಅದರ ದೌರ್ಬಲ್ಯ ಮುಂದಿನ ವರ್ಷದ ನಲವತ್ತು ಮರಿಗಳಿಗೆ ಬರುತ್ತದೆ. ಅವುಗಳಿಗೆ ಇನ್ನೂ ಹೆಚ್ಚು ಮದ್ದು ಬೇಕಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ರೆಪ್ಪೆಯ ಒಳಗಿನ ಬಣ್ಣ

ಇದಕ್ಕೆ ದಾರಿ ಏನು? 1990ರ ದಶಕದಲ್ಲಿ ದಕ್ಷಿಣ ಆಫ್ರಿಕದ ಪಶುವೈದ್ಯರು ಒಂದು ಸರಳ ಉಪಾಯವನ್ನು ರೂಪಿಸಿದರು. ಈ ಹುಳು ರಕ್ತ ಹೀರುವುದರಿಂದ ಕಾಯಿಲೆ ಬಿದ್ದ ಕುರಿಯ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ಅದನ್ನು ಹೋಲಿಸಿ ನೋಡಲು ಐದು ಬಣ್ಣಗಳ ಒಂದು ಕಾರ್ಡನ್ನು ಸಿದ್ಧಪಡಿಸಿದರು. ಒಂದನೆಯದು ಆರೋಗ್ಯದ ಕೆಂಪು, ಐದನೆಯದು ಸಾವಿನ ಬಿಳುಪು. ನಾಲ್ಕು, ಐದರ ಬಣ್ಣ ಕಂಡರೆ ಮದ್ದು ಕೊಡಲೇಬೇಕು. ಮೂರರಲ್ಲಿರುವುದು ಮರಿಯೋ ಗಬ್ಬದ ಕುರಿಯೋ ಆಗಿದ್ದರೆ ಅದಕ್ಕೂ ಕೊಡಬೇಕು. ಒಂದು, ಎರಡರಲ್ಲಿ ಇದ್ದರೆ ಮದ್ದು ಬೇಡ. ಈ ವಿಧಾನಕ್ಕೆ ಫಮಾಚ ಎಂಬ ಹೆಸರು ಬಂದದ್ದು ಅದನ್ನು ಮೊದಲು ಯೋಚಿಸಿದ ಫಾಫ ಮಲನ್ ಎಂಬ ಪಶುವೈದ್ಯರ ಹೆಸರಿನಿಂದ.

ಹೀಗೆ ಒಂದೊಂದನ್ನೇ ಹಿಡಿದು ನೋಡಿದಾಗ ಅಚ್ಚರಿಯ ಸಂಗತಿಯೊಂದು ಹೊರಬಂತು. ಹಿಂಡಿನ ಹೆಚ್ಚಿನ ಕುರಿಗಳಿಗೆ ಒಂದು ಮಳೆಗಾಲವಿಡೀ ಮದ್ದೇ ಬೇಕಾಗಲಿಲ್ಲ, ಅಥವಾ ಒಮ್ಮೆ ಮಾತ್ರ ಬೇಕಾಯಿತು. ಪದೇ ಪದೇ ಬೇಕಾದವು ಕೆಲವೇ ಕೆಲವು. ಹಿಂಡಿನ ಬಹುಪಾಲು ಹುಳುಗಳು ಸುಮಾರು ಕಾಲುಭಾಗ ಕುರಿಗಳ ಹೊಟ್ಟೆಯಲ್ಲೇ ಇರುತ್ತವೆ. ಆ ಕೆಲವಕ್ಕಾಗಿ ನಾವು ಎಲ್ಲಕ್ಕೂ ಮದ್ದು ಸುರಿಯುತ್ತಿದ್ದೆವು.

ಮದ್ದು ಕುಡಿಯದ ಗಟ್ಟಿ ಕುರಿಗಳ ಹೊಟ್ಟೆಯಲ್ಲೂ ಸ್ವಲ್ಪ ಹುಳುಗಳು ಇದ್ದೇ ಇರುತ್ತವೆ. ಅವು ಮದ್ದಿಗೆ ಸಾಯುವ ಹುಳುಗಳು. ಅವುಗಳ ಸಂತತಿ ಹೊಲದಲ್ಲಿ ಉಳಿದು, ಮೊಂಡು ಹುಳುಗಳೊಡನೆ ಬೆರೆತು, ಅವುಗಳ ಬಲವನ್ನು ತಗ್ಗಿಸುತ್ತದೆ. ಹೀಗಾಗಿ ನಿಜವಾಗಿ ಬೇಕಾದ ದಿನ ಮದ್ದು ಕೆಲಸ ಮಾಡುತ್ತದೆ. ಸಂತ ಮತ್ತಾಯರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಗೋದಿಯ ನಡುವೆ ಬೆಳೆದ ಕಳೆಯ ಸಾಮತಿ ಇದೆ. ಕಳೆಯನ್ನೆಲ್ಲ ಈಗಲೇ ಕಿತ್ತುಬಿಡುತ್ತೇವೆಂದ ಆಳುಗಳನ್ನು ಒಡೆಯ ತಡೆಯುತ್ತಾನೆ. ಆ ಸಾಮತಿಯ ಅರ್ಥ ಅಂತ್ಯಕಾಲದ ತೀರ್ಪಿಗೆ ಸಂಬಂಧಿಸಿದ್ದು, ನಿಜ. ಆದರೂ, ಕೆಟ್ಟದ್ದನ್ನು ಒಂದೇ ಏಟಿಗೆ ನಿರ್ಮೂಲ ಮಾಡುವ ಅವಸರ ಒಳ್ಳೆಯದನ್ನೂ ಹಾಳುಮಾಡೀತೆಂಬ ಎಚ್ಚರ ಬೇಸಾಯ ಬಲ್ಲವರಿಗೆ ಹೊಸದಲ್ಲ.

ಈಗ ಗಮನಿಸಿ: ಬಾಟಲಿಯೂ ಅದೇ, ಮದ್ದೂ ಅದೇ. ಬದಲಾದದ್ದು ಒಂದೇ ಒಂದು. ಮೊದಲು ಕುರಿಗಾಹಿ ನೋಡದೆ ಕೊಡುತ್ತಿದ್ದ, ಈಗ ನೋಡಿ ಕೊಡುತ್ತಾನೆ. ನಿನ್ನ ಹಿಂಡಿನ ಸ್ಥಿತಿಗತಿಯನ್ನು ಚೆನ್ನಾಗಿ ಅರಿತುಕೊ ಎಂಬ ಬುದ್ಧಿಮಾತು ಜ್ಞಾನೋಕ್ತಿಗಳ ಇಪ್ಪತ್ತೇಳನೆಯ ಅಧ್ಯಾಯದಲ್ಲಿದೆ. ಉತ್ತಮ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಯೇಸುಸ್ವಾಮಿ ಹೇಳುತ್ತಾರೆ. ಹೆಸರು ಹಿಡಿದು ಕರೆಯಬೇಕಾದರೆ ಒಂದರಿಂದ ಒಂದನ್ನು ಬೇರೆಯಾಗಿ ನೋಡಿರಬೇಕು. ಇಡೀ ಹಿಂಡಿಗೆ ಒಂದೇ ಹೆಸರಿಡಲು ಬರುವುದಿಲ್ಲ.

ಗಟ್ಟಿತನ ಎಲ್ಲಿಂದ ಬರುತ್ತದೆ?

ಮದ್ದನ್ನು ಕಡಿಮೆ ಮಾಡಿದರೆ ಕುರಿ ತಾನಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿತನಕ್ಕೆ ಬೇರೆ ಮೂಲಗಳಿವೆ.

ಮೊದಲನೆಯದು ತಳಿ. ಕೆನ್ಯದ ಮಸಾಯಿ ಜನರು ಸಾಕುವ ಕೆಂಪು ಮಸಾಯಿ ಕುರಿಗಳು ಈ ಹುಳುವನ್ನು ತಡೆದುಕೊಳ್ಳುವುದರಲ್ಲಿ ಹೆಸರುವಾಸಿ. ಅಲ್ಲಿಗೆ ದಕ್ಷಿಣ ಆಫ್ರಿಕದಿಂದ ಡಾರ್ಪರ್ ಎಂಬ ಮಾಂಸದ ತಳಿಯನ್ನು ತಂದರು. ಅದು ದಪ್ಪಗೆ, ಬೇಗ ಬೆಳೆಯುವ ತಳಿ. ಕೆನ್ಯದ ಕರಾವಳಿಯ ತೇವದ ನೆಲದಲ್ಲಿ ಎರಡನ್ನೂ ಜೊತೆಯಾಗಿ ಸಾಕಿ ನೋಡಿದಾಗ ಡಾರ್ಪರ್ ಮರಿಗಳು ಹೆಚ್ಚು ಸತ್ತವು, ಕೆಂಪು ಮಸಾಯಿ ಮರಿಗಳು ಹೆಚ್ಚು ಉಳಿದವು. ನಮ್ಮ ದೇಶದಲ್ಲೇ, ಬಂಗಾಳದ ಸುಂದರಬನದ ಜವುಗು ನೆಲದಲ್ಲಿ ಬದುಕುವ ಗರೋಲೆ ಎಂಬ ಪುಟ್ಟ ಕುರಿ ಇದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಅದನ್ನು ದಖ್ಖನಿ ಮತ್ತು ನಮ್ಮ ಬನ್ನೂರು ಕುರಿಗಳೊಡನೆ ಕೂಡಿಸಿ ನೋಡಿದಾಗ, ಗರೋಲೆ ರಕ್ತವಿರುವ ಮರಿಗಳು ಜಂತುಹುಳುವನ್ನು ಹೆಚ್ಚು ತಡೆದುಕೊಂಡವು. ನಮ್ಮ ದಖ್ಖನಿ ಕುರಿಯದು ಮತ್ತೊಂದು ಬಗೆಯ ಗಟ್ಟಿತನ. ಬಿಸಿಲು, ಬರ, ದೂರದ ನಡಿಗೆ, ಒರಟು ಮೇವು ಇವನ್ನೆಲ್ಲ ತಾಳಿ ಬದುಕುವ, ಕಂಬಳಿಗೆ ಉಣ್ಣೆ ಕೊಡುವ ಈ ಕುರಿಯನ್ನು ಕುರುಬ ಸಮುದಾಯದವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಸಂತೆಯಲ್ಲಿ ಎತ್ತರದ ಟಗರಿಗೆ ಬೆಲೆ ಜಾಸ್ತಿಯೆಂದು ಈ ಗುಣಗಳನ್ನೆಲ್ಲ ಮಾರಿಕೊಂಡರೆ, ತೂಕ ಗಳಿಸಿ ಬಲ ಕಳೆದುಕೊಂಡಂತಾಗುತ್ತದೆ.

ಎರಡನೆಯದು ತಳಿಯ ಒಳಗಿನ ಆಯ್ಕೆ. ಹುಳುವನ್ನು ತಡೆಯುವ ಗುಣ ಸ್ವಲ್ಪಮಟ್ಟಿಗೆ ವಂಶದಲ್ಲಿ ಇಳಿದುಬರುತ್ತದೆ. ಮಳೆಗಾಲದಲ್ಲಿ ಮೂರು ಸಲ ಮದ್ದು ಬೇಕಾದ ಕುರಿಯ ಗಂಡುಮರಿಯನ್ನು ಬೀಜಕ್ಕೆ ಬಿಡದಿರುವುದು, ಮದ್ದಿಲ್ಲದೆ ಮರಿ ಸಾಕಿದ ಕುರಿಯ ಮರಿಯನ್ನು ಉಳಿಸಿಕೊಳ್ಳುವುದು ನಿಧಾನದ ಕೆಲಸ. ಆದಿಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ ಯಕೋಬ ಬಲವಾದ ಕುರಿಗಳನ್ನು ಆರಿಸಿಕೊಂಡು ತನ್ನ ಹಿಂಡನ್ನು ಬೆಳೆಸಿದ ಕಥೆ ಇದೆ. ಅವನು ನೀರಿನ ತೊಟ್ಟಿಯ ಮುಂದೆ ಕೋಲುಗಳನ್ನು ಇಟ್ಟ ಉಪಾಯವನ್ನು ಇಂದಿನ ವಿಜ್ಞಾನ ಒಪ್ಪದು. ಆದರೆ ಗಟ್ಟಿ ತಾಯಿತಂದೆಯ ಮರಿ ಗಟ್ಟಿಯೆಂಬುದನ್ನು ಅವನು ಬಲ್ಲವನಾಗಿದ್ದ.

ಮೂರನೆಯದು ನೆಲ ಮತ್ತು ಮೇವು. ಇಬ್ಬನಿ ಆರುವ ತನಕ ಹಿಂಡನ್ನು ಬಿಡದಿರುವುದು, ಹುಲ್ಲನ್ನು ಬುಡದ ತನಕ ಮೇಯಿಸದಿರುವುದು, ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲಿಸದಿರುವುದು ಹಳೆಯ ಕುರಿಗಾಹಿಗಳಿಗೆ ಗೊತ್ತಿದ್ದ ಮಾತು. ಊರೂರು ಅಲೆಯುತ್ತಾ, ಒಂದೆರಡು ರಾತ್ರಿ ಒಬ್ಬರ ಹೊಲದಲ್ಲಿ ಮಂದೆ ಹಾಕಿ ಮುಂದಕ್ಕೆ ಹೋಗುವ ಹಿಂಡು, ತನ್ನ ಹಿಕ್ಕೆಯನ್ನೂ ಅದರೊಳಗಿನ ಹುಳುವನ್ನೂ ಹಿಂದೆ ಬಿಟ್ಟು ಹೋಗುತ್ತದೆ. ಹೊಲದವನಿಗೆ ಗೊಬ್ಬರ, ಹಿಂಡಿಗೆ ಆರೋಗ್ಯ. ಇನ್ನು ಮೇವು. ಹೊಟ್ಟೆತುಂಬ ಸತ್ವವುಳ್ಳ ಆಹಾರವಿರುವ ಕುರಿ ಹುಳುವಿನ ಕಾಟವನ್ನು ತಾಳಿಕೊಳ್ಳುತ್ತದೆ, ಹಸಿದ ಕುರಿ ತಾಳಲಾರದು. ಈಯುವ ಹೊತ್ತಿನಲ್ಲಿ ತಾಯಿಕುರಿಯ ತಡೆಯುವ ಶಕ್ತಿ ತಗ್ಗುತ್ತದೆ. ಆಗ ಒಂದು ಹಿಡಿ ಹಿಂಡಿ, ಒಂದು ಕಂತೆ ಸೊಪ್ಪು ಅರ್ಧ ಬಾಟಲಿ ಮದ್ದಿಗೆ ಸಮ.

ಇವೆಲ್ಲವನ್ನೂ ಓದಿದಾಗ ನಿಮಗೆ ಏನನ್ನಿಸುತ್ತದೆ? ಮದ್ದು ಕಡಿಮೆ ಮಾಡುವುದೆಂದರೆ ಕೆಲಸ ಕಡಿಮೆ ಮಾಡುವುದಲ್ಲ. ಬಾಟಲಿ ಒಂದೇ ದಿನದಲ್ಲಿ ಮುಗಿಯುತ್ತದೆ, ಪಾಲನೆ ಮುಗಿಯುವುದಿಲ್ಲ. ಯಕೋಬ ತನ್ನ ಮಾವನಾದ ಲಾಬಾನನಿಗೆ, ಇಪ್ಪತ್ತು ವರ್ಷ ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ಸಹಿಸಿ ನಿದ್ದೆಗೆಟ್ಟು ನಿನ್ನ ಹಿಂಡನ್ನು ಕಾದೆ ಎಂದು ಹೇಳಿಕೊಂಡದ್ದು ಇದನ್ನೇ.

ಸಾಯಲಿ ಬಿಡು ಎನ್ನುವ ಗಟ್ಟಿತನ

ಈಗ ಎದುರು ದಿಕ್ಕಿನ ತಪ್ಪನ್ನೂ ನೋಡೋಣ. ಮದ್ದಿನ ಮೇಲಿನ ಅತಿ ಅವಲಂಬನೆ ಕೆಟ್ಟದ್ದೆಂದು ತಿಳಿದ ಕೆಲವರು ಮದ್ದನ್ನೇ ದೂರವಿಡುತ್ತಾರೆ. ದುರ್ಬಲವಾದದ್ದು ಸತ್ತರೆ ಹಿಂಡು ಶುದ್ಧವಾಗುತ್ತದೆಂಬುದು ಅವರ ವಾದ. ಪ್ರಕೃತಿಯ ನಿಯಮವಿದು ಎನ್ನುತ್ತಾರೆ. ಕೇಳಲು ದಿಟ್ಟ ಮಾತಿನಂತೆಯೇ ಇದೆ.

ಕ್ರೈಸ್ತನು ಇದನ್ನು ಒಪ್ಪಲಾರ. ಯೆಜೆಕಿಯೇಲ ಪ್ರವಾದಿಯ ಗ್ರಂಥದ ಮೂವತ್ನಾಲ್ಕನೆಯ ಅಧ್ಯಾಯವನ್ನು ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಓದಿ ನೋಡಿ. ಇಸ್ರಯೇಲಿನ ಕುರಿಗಾಹಿಗಳ ಮೇಲೆ ದೇವರು ಹೊರಿಸುವ ಆರೋಪಗಳು ಅಲ್ಲಿವೆ. ಬಲವಿಲ್ಲದವನ್ನು ಅವರು ಬಲಪಡಿಸಲಿಲ್ಲ, ರೋಗಬಿದ್ದವನ್ನು ಗುಣಪಡಿಸಲಿಲ್ಲ, ಗಾಯಗೊಂಡವಕ್ಕೆ ಕಟ್ಟು ಕಟ್ಟಲಿಲ್ಲ. ಬಲಪಡಿಸುವುದು ಒಂದು ಕೆಲಸ, ಗುಣಪಡಿಸುವುದು ಇನ್ನೊಂದು ಕೆಲಸ. ದೇವರು ಎರಡನ್ನೂ ಕೇಳುತ್ತಾರೆ. ಬರೀ ಮದ್ದು ಕೊಡುವವನು ಮೊದಲನೆಯದನ್ನು ಮರೆತಿದ್ದಾನೆ. ಮದ್ದನ್ನೇ ಕೊಡದವನು ಎರಡನೆಯದನ್ನು ಮರೆತಿದ್ದಾನೆ.

ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ ವೈದ್ಯನನ್ನು ಗೌರವಿಸಲು ಹೇಳುತ್ತದೆ. ಭೂಮಿಯಿಂದ ಔಷಧಿಗಳನ್ನು ಉಂಟುಮಾಡಿದವರು ದೇವರೇ, ವಿವೇಕಿ ಅವುಗಳನ್ನು ತುಚ್ಛವಾಗಿ ಕಾಣನೆಂದು ಕಲಿಸುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಆಹಾರಕ್ಕೂ ಉಡುಪಿಗೂ ಬಳಸುವುದನ್ನು ಒಪ್ಪುತ್ತದೆ. ಆದರೆ ಅವುಗಳಿಗೆ ವಿನಾಕಾರಣ ನೋವು ಕೊಡುವುದು, ಅವನ್ನು ವಿನಾಕಾರಣ ಸಾಯಲು ಬಿಡುವುದು ಮಾನವ ಘನತೆಗೆ ವಿರುದ್ಧವೆಂದೂ 2418ನೆಯ ಪರಿಚ್ಛೇದದಲ್ಲಿ ಎಚ್ಚರಿಸುತ್ತದೆ. ಸೃಷ್ಟಿಯ ಪ್ರತಿ ಜೀವಕ್ಕೂ ದೇವರ ದೃಷ್ಟಿಯಲ್ಲಿ ತನ್ನದೇ ಬೆಲೆಯಿದೆಯೆಂದು 2015ರ ಲೌದಾತೊ ಸಿ ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್ ನೆನಪಿಸಿದ್ದರು. ದವಡೆ ಊದಿ, ರೆಪ್ಪೆ ಬಿಳಿಚಿ ನಿಂತ ಕುರಿಯ ಎದುರು ಬಾಟಲಿಯನ್ನು ಬಚ್ಚಿಟ್ಟು ನಿಲ್ಲುವುದು ತಳಿ ಸುಧಾರಣೆಯಲ್ಲ, ಕ್ರೌರ್ಯ. ಇಂದು ಅದನ್ನು ಗುಣಪಡಿಸಿ, ನಾಳೆ ಅದರ ಮರಿಯನ್ನು ಬೀಜಕ್ಕೆ ಬಿಡದಿರಿ. ಕರುಣೆ ಮತ್ತು ವಿವೇಕ ಎರಡಕ್ಕೂ ಇಲ್ಲಿ ಜಾಗವಿದೆ.

ಇನ್ನೊಂದು ಮಾತು. ನೂರು ಕುರಿಯ ಒಡೆಯನಿಗೆ ನಾಲ್ಕು ಸತ್ತರೆ ಅದು ನಷ್ಟ. ನಾಲ್ಕೇ ಕುರಿಯಿರುವ ವಿಧವೆಗೆ ಒಂದು ಸತ್ತರೆ ಅದು ಮಗಳ ಕಾಲೇಜು. ನಾತಾನ ಪ್ರವಾದಿ ದಾವೀದನಿಗೆ ಹೇಳಿದ ಕಥೆಯ ಬಡವನಿಗೆ ಇದ್ದದ್ದು ಒಂದೇ ಒಂದು ಹೆಣ್ಣುಮರಿ. ಅದು ಅವನ ತಟ್ಟೆಯಲ್ಲೇ ಉಣ್ಣುತ್ತಿತ್ತು, ಅವನ ಮಡಿಲಲ್ಲೇ ಮಲಗುತ್ತಿತ್ತು. ಅಂಥವರ ಮುಂದೆ ನಿಂತು ಮದ್ದಿಲ್ಲದೆ ಸಾಕಿ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ರೆಪ್ಪೆ ನೋಡುವುದನ್ನು ಕಲಿಸಿ, ಪಶು ಆಸ್ಪತ್ರೆಗೆ ಹಿಕ್ಕೆ ಪರೀಕ್ಷೆಗೆ ಕರೆದೊಯ್ಯಿರಿ, ಗಟ್ಟಿ ಟಗರನ್ನು ನಾಲ್ಕು ಮನೆಯವರು ಸೇರಿ ಇಟ್ಟುಕೊಳ್ಳಲು ನೆರವಾಗಿ. ಧರ್ಮಕೇಂದ್ರದ ಸ್ವಸಹಾಯ ಸಂಘಗಳು ಮಾಡಬಹುದಾದ ಒಳ್ಳೆಯ ಕೆಲಸವಿದು.

ಕುರಿಗೆ ಸಲ್ಲುವುದು ಮನುಷ್ಯನಿಗೆ ಸಲ್ಲದು

ಇಲ್ಲಿ ತುಸು ನಿಂತು ಯೋಚಿಸಬೇಕು. ಪವಿತ್ರ ಗ್ರಂಥವು ನಮ್ಮನ್ನು ಕುರಿಗಳಿಗೆ ಹೋಲಿಸುತ್ತದೆ. ಹಾಗೆಂದ ಮಾತ್ರಕ್ಕೆ ಕುರಿಹಟ್ಟಿಯ ಎಲ್ಲ ನಿಯಮಗಳನ್ನೂ ಮನೆಗೆ ತರಬಹುದೇ?

ಖಂಡಿತ ಇಲ್ಲ. ಕುರಿ ಸಾಕುವವನು ದುರ್ಬಲ ಕುರಿಯನ್ನು ಸಂತೆಗೆ ಹೊಡೆಯುತ್ತಾನೆ. ಅದು ತಪ್ಪಲ್ಲ. ಆದರೆ ಮನುಷ್ಯರಲ್ಲಿ ಗಟ್ಟಿಯವರನ್ನು ಉಳಿಸಿಕೊಂಡು ದುರ್ಬಲರನ್ನು ಹೊರಗಿಡುವ ಆಲೋಚನೆ ಪಾಪ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ನಾಜಿ ಸರ್ಕಾರ ಪಶುಪಾಲನೆಯ ಇದೇ ಭಾಷೆಯನ್ನು ಮನುಷ್ಯರ ಮೇಲೆ ಪ್ರಯೋಗಿಸಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಂದಿತು. ಮ್ಯೂನ್‌ಸ್ಟರ್‌ನ ಧರ್ಮಾಧ್ಯಕ್ಷರಾಗಿದ್ದ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ 1941ರಲ್ಲಿ ತಮ್ಮ ಪ್ರಬೋಧನೆಯ ಪೀಠದಿಂದಲೇ ಇದನ್ನು ಖಂಡಿಸಿದರು. ದುಡಿಯಲಾಗದವನ ಬದುಕಿಗೆ ಬೆಲೆಯಿಲ್ಲವೆಂದಾದರೆ ನಾವೆಲ್ಲ ಮುದುಕರಾದ ದಿನ ನಮ್ಮ ಗತಿಯೇನೆಂದು ಅವರು ಕೇಳಿದರು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ, ದೇಹದ ದುರ್ಬಲವೆನಿಸುವ ಅಂಗಗಳೇ ಅತ್ಯಗತ್ಯವೆನ್ನುತ್ತಾರೆ. ಯೇಸುಸ್ವಾಮಿಯ ಸಾಮತಿಯಲ್ಲಿ ಕುರಿಗಾಹಿ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ವ್ಯಾಪಾರದ ಲೆಕ್ಕದಲ್ಲಿ ಇದು ಮೂರ್ಖತನ. ಉತ್ತಮ ಕುರಿಗಾಹಿ ಲೋಕದ ಕುರಿಗಾಹಿಗಿಂತ ಬೇರೆಯಾಗುವುದು ಇಲ್ಲಿಯೇ. ಲೋಕದ ಕುರಿಗಾಹಿ ತನ್ನ ಜೀವನಕ್ಕಾಗಿ ಕುರಿಯನ್ನು ಸಾಕುತ್ತಾನೆ. ಉತ್ತಮ ಕುರಿಗಾಹಿ ಕುರಿಗಳಿಗಾಗಿ ತನ್ನ ಜೀವವನ್ನೇ ಕೊಡುತ್ತಾನೆ. ನಿಮ್ಮ ಮನೆಯಲ್ಲಿ ಬುದ್ಧಿ ಬೆಳೆಯದ ಮಗು ಇದ್ದರೆ, ಹಾಸಿಗೆ ಹಿಡಿದ ಅಜ್ಜಿ ಇದ್ದರೆ, ಗಟ್ಟಿತನದ ಮಾತು ಅವರ ಹತ್ತಿರವೂ ಸುಳಿಯಬಾರದು. ಆ ಮನೆಯ ಬಲವೇ ಅವರು.

ಮನೆಯೆಂಬ ಹಟ್ಟಿ

ಹಾಗಾದರೆ ಹಟ್ಟಿಯಿಂದ ಮನೆಗೆ ಬರಬಹುದಾದ ಪಾಠ ಯಾವುದು? ಆಯ್ಕೆಯ ಪಾಠವಲ್ಲ, ನೋಟದ ಪಾಠ.

ಮಗುವಿಗೆ ನೆಗಡಿಯಾದೊಡನೆ ಹಿಂದಿನ ಸಲ ಉಳಿದ ಆ್ಯಂಟಿಬಯೋಟಿಕ್ ಸಿರಪ್ಪನ್ನು ಕುಡಿಸುವ ಮನೆಗಳಿವೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಎರಡು ಮಾತ್ರೆ ತಂದು, ಜ್ವರ ಇಳಿದೊಡನೆ ನಿಲ್ಲಿಸುವವರಿದ್ದಾರೆ. ನೆಗಡಿ ವೈರಾಣುವಿನಿಂದ ಬರುವಂಥದ್ದು. ಆ ಮದ್ದು ಅದಕ್ಕೆ ನಾಟುವುದೇ ಇಲ್ಲ. ಆದರೆ ದೇಹದಲ್ಲಿರುವ ಬ್ಯಾಕ್ಟೀರಿಯಗಳಿಗೆ ಆ ಮದ್ದನ್ನು ಗೆಲ್ಲುವುದನ್ನು ಅದು ಕಲಿಸುತ್ತದೆ. ಕುರಿಯ ಹುಳುವಿನ ಕಥೆಯೇ ಇಲ್ಲಿ ಮತ್ತೆ ನಡೆಯುತ್ತದೆ. ನಾಳೆ ನಿಜವಾಗಿ ನ್ಯುಮೋನಿಯ ಬಂದ ಮಗುವಿಗೆ ಮದ್ದು ಕೆಲಸ ಮಾಡದೆ ಹೋದರೆ, ಆ ಮಗು ನೆರೆಮನೆಯದೂ ಆಗಿರಬಹುದು. ಒಂದು ಮನೆಯಲ್ಲಿ ಮದ್ದನ್ನು ಮನಬಂದಂತೆ ಬಳಸಿದರೆ ನಷ್ಟ ಇಡೀ ಊರಿಗೆ. ಆದ್ದರಿಂದ ಇದು ಆರೋಗ್ಯದ ವಿಷಯ ಮಾತ್ರವಲ್ಲ, ನೆರೆಯವನನ್ನು ಪ್ರೀತಿಸುವ ವಿಷಯವೂ ಹೌದು. ವೈದ್ಯರು ಹೇಳಿದರೆ ಮಾತ್ರ, ಅವರು ಹೇಳಿದಷ್ಟು ದಿನ ಕೊಡಿ.

ಮದ್ದಿನ ಬಾಟಲಿಗಳು ಬೇರೆ ರೂಪದಲ್ಲೂ ಇವೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಡುವುದು, ಮಂಕಾಗಿ ಕುಳಿತ ಹದಿಹರೆಯದ ಮಗನಿಗೆ ದುಡ್ಡು ಕೊಟ್ಟು ಕಳಿಸುವುದು, ಪರೀಕ್ಷೆಯಲ್ಲಿ ಸೋತವಳಿಗೆ ಒಂದೇ ಬುದ್ಧಿವಾದವನ್ನು ನೂರು ಸಲ ಹೇಳುವುದು, ಇವೂ ನೋಡದೆ ಕುಡಿಸುವ ಮದ್ದುಗಳೇ. ಮಗುವಿನ ರೆಪ್ಪೆಯ ಒಳಗಿನ ಬಣ್ಣ ಕಾಣಬೇಕಾದರೆ ಅದರ ಮುಖವನ್ನು ಹತ್ತಿರ ತಂದುಕೊಳ್ಳಬೇಕು. ನೋಡಿದ ಮೇಲೆ, ಈ ಕಷ್ಟವನ್ನು ಇವನು ತಾನೇ ಎದುರಿಸಬಲ್ಲ ಎಂದು ತಿಳಿದರೆ ಪಕ್ಕದಲ್ಲಿ ನಿಂತಿರಿ, ಸಾಕು. ಇವಳಿಗೆ ಈಗಲೇ ಸಹಾಯ ಬೇಕೆಂದು ತಿಳಿದರೆ ತಡಮಾಡಬೇಡಿ. ಮನಸ್ಸಿನ ಕಾಯಿಲೆಗೂ ವೈದ್ಯರಿದ್ದಾರೆ, ಮದ್ದಿದೆ. ಅದನ್ನು ಬಿಟ್ಟು, ಪ್ರಾರ್ಥನೆಯೊಂದೇ ಸಾಕು, ಗಟ್ಟಿಯಾಗಿರು ಎಂದು ಹೇಳಿ ಕೂರಬೇಡಿ.

ಆದಿಕಾಂಡದ ಮೂವತ್ತಮೂರನೆಯ ಅಧ್ಯಾಯದಲ್ಲಿ ಏಸಾವ ತನ್ನ ತಮ್ಮನಾದ ಯಕೋಬನನ್ನು ಜೊತೆಯಲ್ಲಿ ಬೇಗ ಬಾ ಎಂದು ಕರೆಯುತ್ತಾನೆ. ಯಕೋಬ ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಕುರಿಗಳು ಹಾಲೂಡುತ್ತಿವೆ, ಒಂದು ದಿನ ಹೆಚ್ಚು ಓಡಿಸಿದರೂ ಸತ್ತುಹೋದಾವು, ನಾನು ಇವುಗಳ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ ಬರುತ್ತೇನೆ ಎನ್ನುತ್ತಾನೆ. ಅವನು ನಡಿಗೆಯನ್ನು ನಿಲ್ಲಿಸಲಿಲ್ಲ. ಹಿಂಡನ್ನೂ ಮಕ್ಕಳನ್ನೂ ಡೇರೆಯಲ್ಲಿ ಮುಚ್ಚಿಡಲಿಲ್ಲ. ನಡೆಸಿದ, ಆದರೆ ಅವುಗಳ ಬಲವನ್ನು ನೋಡಿ ನಡೆಸಿದ. ತಾಯಿತಂದೆಯರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಈ ಮಳೆಗಾಲಕ್ಕೆ

ಕುರಿ ಸಾಕುವ ಓದುಗರಿಗೆ ಕೊನೆಯದಾಗಿ ಕೆಲವು ಮಾತು. ಹಿರೇಬೇನೆ, ಕರುಳುಬೇನೆ, ಸಿಡುಬು ಇವುಗಳ ಲಸಿಕೆಯನ್ನು ತಪ್ಪಿಸಬೇಡಿ. ಲಸಿಕೆ ಮದ್ದಿನ ಅವಲಂಬನೆಯಲ್ಲ, ಅದು ಕುರಿಯ ಸ್ವಂತ ಬಲವನ್ನು ಎಬ್ಬಿಸುವ ಉಪಾಯ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಪ್ರತಿ ಕುರಿಯ ಕೆಳರೆಪ್ಪೆಯನ್ನು ಬಿಸಿಲ ಬೆಳಕಿನಲ್ಲಿ ನೋಡಿ. ಕಾಯಿಲೆ ಬಿದ್ದದ್ದಕ್ಕೆ ತೂಕಕ್ಕೆ ತಕ್ಕಂತೆ ಪೂರ್ತಿ ಪ್ರಮಾಣದ ಮದ್ದು ಕೊಡಿ, ಯಾವುದಕ್ಕೆ ಎಂದು ಕೊಟ್ಟಿರೆಂದು ಬರೆದಿಡಿ. ಆ ಪುಸ್ತಕವೇ ಮುಂದಿನ ವರ್ಷ ಯಾವ ಮರಿಯನ್ನು ಉಳಿಸಿಕೊಳ್ಳಬೇಕೆಂದು ಹೇಳುತ್ತದೆ. ಕೆರೆಯಂಚಿನಲ್ಲಿ ಮೇಯುವ ಕುರಿಗಳಿಗೆ ಯಕೃತ್ತಿನ ಚಪ್ಪಟೆ ಹುಳುವಿನಿಂದಲೂ ರೆಪ್ಪೆ ಬಿಳಿಚುತ್ತದೆ. ಅದಕ್ಕೆ ಮದ್ದು ಬೇರೆ. ಆದ್ದರಿಂದ ಪಶುವೈದ್ಯರನ್ನು ಕೇಳದೆ ಅಂಗಡಿಯ ಬಾಟಲಿಗೆ ಕೈ ಹಾಕಬೇಡಿ.

2013ರ ಮಾರ್ಚ್ 28ರ ಪವಿತ್ರ ಗುರುವಾರ, ಜಗದ್ಗುರು ಫ್ರಾನ್ಸಿಸ್ ಗುರುಗಳಿಗೆ ಪ್ರಬೋಧನೆ ನೀಡುತ್ತಾ, ಕುರಿಗಳ ವಾಸನೆ ಮೈಗಂಟಿದ ಕುರಿಗಾಹಿಗಳಾಗಿ ಎಂದು ಕೇಳಿಕೊಂಡರು. ಆ ಮಾತು ಗುರುಗಳಿಗೆ ಮಾತ್ರವೇ? ದೂರದಿಂದ ಮದ್ದು ಎಸೆಯುವವರಿಗೆ ಆ ವಾಸನೆ ಅಂಟುವುದಿಲ್ಲ. ಒಂದೊಂದನ್ನೇ ಹತ್ತಿರ ಕರೆದು, ಕೊರಳು ಹಿಡಿದು, ಕಣ್ಣು ನೋಡಿ ಬಿಡುವವರಿಗೆ ಅಂಟುತ್ತದೆ. ತಾಯಿಗೂ ತಂದೆಗೂ, ಉಪದೇಶಿಗೂ ಶಿಕ್ಷಕಿಗೂ, ಹಾಸಿಗೆ ಹಿಡಿದವರ ಸೇವೆ ಮಾಡುವ ಸೊಸೆಗೂ ಮಗನಿಗೂ ಅದು ಅಂಟಲಿ. ನಮ್ಮನ್ನು ಹೆಸರು ಹಿಡಿದು ಕರೆಯುವ ಪ್ರಭು, ನಮ್ಮವರನ್ನು ನೋಡುವ ಕಣ್ಣನ್ನು ನಮಗೆ ಕೊಡಲಿ. ಮದ್ದು ಬೇಕಾದಾಗ ಕೊಡುವ ಕರುಣೆಯನ್ನೂ, ಬೇಡವಾದಾಗ ತಡೆದುಕೊಳ್ಳುವ ವಿವೇಕವನ್ನೂ ದಯಪಾಲಿಸಲಿ.